ಸೈಕಲ್ಲೂ ಬಂತು, ಓಟಾನೂ ಬಂತು, ಈಜು ಯಾವಾಗ?

ಅಕ್ಕಂದಿರೇ, ಅತ್ತಿಗೇರೇ, ಪಕ್ಕದ್ಮನೆಯವ್ರೇ, ಹುರುಳಿಕಾಳು ಬಸ್ಸಾರು ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಈ ವಾರ ಟ್ರಯಥ್ಲಾನ್ ಅನ್ನೋದ್ರ ಬಗ್ಗೆ ಬರೀತೀನಿ. ಹೆಸರು ನೋಡಿ ಫೋನ್ ಕೆಳಗಿಡಬೇಡಿ. ಶುರುವಾಗೋದು ಆಟದಿಂದ ಆದ್ರೂ, ಮಾತು ಬಂದು ನಿಲ್ಲೋದು ನಮ್ಮನೆ ಹೆಣ್ಮಕ್ಕಳ ಹತ್ರಾನೇ.

ಟ್ರಯಥ್ಲಾನ್ ಅಂದ್ರೆ ಮೂರು ಆಟ ಸೇರಿಸಿದ ಒಂದು ಪಂದ್ಯ. ಮೊದ್ಲು ಈಜಬೇಕು, ನೀರಿಂದ ಎದ್ದು ಬಂದು ಸೈಕಲ್ ತುಳೀಬೇಕು, ಸೈಕಲ್ ಇಳಿದು ಓಡಬೇಕು. ಮಧ್ಯೆ ಗಡಿಯಾರ ನಿಲ್ಲಲ್ಲ. ಬಟ್ಟೆ ಬದಲಾಯ್ಸೋ ಹೊತ್ತೂ ಲೆಕ್ಕಕ್ಕೇ ಬರುತ್ತೆ. ಇದ್ರಲ್ಲಿ ಚಿಕ್ಕದೂ ಐತೆ, ದೊಡ್ಡದೂ ಐತೆ. ದೊಡ್ಡದ್ರಲ್ಲಿ ಹೆಸರಾಗಿರೋದು ಐರನ್‌ಮ್ಯಾನ್. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ಎಲ್ಲಾ ಒಂದೇ ದಿನ, ಸಾಮಾನ್ಯವಾಗಿ 17 ಗಂಟೆ ಒಳಗೆ ಮುಗೀಬೇಕು.

ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ ಕೇಳಿ. ತುಮಕೂರಿಂದ ಬೆಂಗಳೂರಿಗೆ ಸೈಕಲ್ಲಲ್ಲಿ ಹೋಗಿ ವಾಪಸ್ ಬರೋದು, ಬಂದ್ಮೇಲೆ ಇಳೀದೆ ಹಂಗೇ ಗುಬ್ಬಿಗೂ ಒಂದ್ಸಲ ಹೋಗಿ ಬರೋದು, ಹೆಚ್ಚುಕಮ್ಮಿ 180 ಆಯ್ತು. ಆಮೇಲೆ ಅದೇ ಗುಬ್ಬಿಗೆ ಓಡ್ಕಂಡು ಹೋಗಿ ಓಡ್ಕಂಡೇ ಬರೋದು. ಇಷ್ಟಕ್ಕೂ ಮುಂಚೆ ಬೆಳಗ್ಗೇನೇ ಸುಮಾರು ಎರಡು ಗಂಟೆ ನೀರಲ್ಲಿ ಈಜಿರಬೇಕು. ಇದರ ಅರ್ಧ ಅಳತೆದು ಗೋವಾದ ಪಣಜೀಲಿ 2019ರಿಂದ ನಡೀತಾ ಐತೆ, 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. 2024ರ ಅಕ್ಟೋಬರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನ ಮುಗಿಸಿದಾಗ ಟಿ.ವಿ.ಲೆಲ್ಲಾ ಬಂತು, ನೀವೂ ನೋಡಿರ್ತೀರ.

ಆ ಸುದ್ದಿ ಬಂದಾಗ ನಮ್ಮ ಬೀದೀಲಿ ಒಬ್ಬರು ಅಂದ್ರು, "ಗಂಡಸ್ರು ಮಾಡ್ತಾರೆ ಬಿಡಮ್ಮ, ಅವ್ರಿಗೇನು ಮನೆ ಐತಾ ಮಠ ಐತಾ." ಅವ್ರ ಮಾತಲ್ಲಿ ಸತ್ಯ ಇಲ್ದೇ ಇಲ್ಲ. ಆದ್ರೆ ಹೆಂಗಸ್ರು ಈ ಆಟದಲ್ಲಿ ಏನೇನು ಮಾಡವ್ರೆ ಅನ್ನೋದೂ ನಮ್ಮ ಜಗಲಿಗೆ ಬರಬೇಕಲ್ವಾ?

ಐರನ್‌ಮ್ಯಾನ್ ಶುರುವಾಗಿದ್ದು 1978ರ ಫೆಬ್ರವರಿ 18ರಂದು, ಹವಾಯಿ ದ್ವೀಪದಲ್ಲಿ. ಶುರು ಮಾಡಿದವ್ರು ಜಾನ್ ಕಾಲಿನ್ಸ್, ಜೂಡಿ ಕಾಲಿನ್ಸ್ ಅನ್ನೋ ಗಂಡ ಹೆಂಡ್ತಿ. ಅವತ್ತು ಹೊರಟವ್ರು 15 ಜನ, ಮುಗಿಸಿದವ್ರು 12 ಜನ, ಎಲ್ಲಾ ಗಂಡಸ್ರೇ. ಮುಂದಿನ ವರ್ಷ 1979ರಲ್ಲಿ ಲಿನ್ ಲೆಮೇರ್ ಅನ್ನೋ ಒಬ್ಬಳೇ ಹೆಂಗಸು ನಿಂತ್ಲು. ಗಂಡಸ್ರನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಐದನೇ ಸ್ಥಾನದಲ್ಲಿ ಬಂದ್ಲು.

ಇನ್ನು ಕೆನಡಾದಲ್ಲಿ ಪೆಂಟಿಕ್ಟನ್ ಅಂತ ಒಂದೂರು. ಈ ಕಡೆ ಒಂದು ಕೆರೆ, ಆ ಕಡೆ ಒಂದು ಕೆರೆ, ಮಧ್ಯೆ ಊರು. ಕೆರೆ ಅಂದ್ರೆ ನಮ್ಮ ಅಮಾನಿಕೆರೆ ಅಂದ್ಕಬೇಡಿ, ಅದ್ರಲ್ಲಿ ಓಕನಾಗನ್ ಅನ್ನೋದು 100 ಕಿಲೋಮೀಟರಿಗೂ ಉದ್ದ. ಸುತ್ತ ಸೇಬಿನ ತೋಟ, ದ್ರಾಕ್ಷಿ ತೋಟ. ಬೇಸಿಗೆ ಬಂತು ಅಂದ್ರೆ ಊರು ತುಂಬಾ ಪ್ರವಾಸಿಗಳು. 1980ರ ದಶಕದಿಂದ 2012ರವರೆಗೂ ಅಲ್ಲಿ ವರ್ಷ ವರ್ಷ ದೊಡ್ಡ ಟ್ರಯಥ್ಲಾನ್ ನಡೀತಿತ್ತು. ಆ 2012ರ ಪಂದ್ಯದಲ್ಲಿ ಸಿಸ್ಟರ್ ಮಡೋನಾ ಬ್ಯೂಡರ್ ಅನ್ನೋ ಕ್ರೈಸ್ತ ಸನ್ಯಾಸಿನಿ ಮೂರೂ ಆಟ ಮುಗಿಸಿದ್ರು. ಆಗ ಅವ್ರಿಗೆ ವಯಸ್ಸು 82. ಓಡೋಕೆ ಶುರು ಮಾಡಿದ್ದೇ 48ಕ್ಕಂತೆ. ನಮ್ಮಲ್ಲಿ 48ಕ್ಕೆ ಮಂಡಿನೋವಿನ ಎಣ್ಣೆ ಯಾವ್ದು ಚೆನ್ನಾಗೈತೆ ಅಂತ ಕೇಳ್ಕಂಡು ಕೂತಿರ್ತೀವಿ.

ಅದೇ ಪೆಂಟಿಕ್ಟನ್ನಲ್ಲಿ ಇನ್ನೂ ದೊಡ್ಡದು ಒಂದು ನಡೀತಿತ್ತು, ಅಲ್ಟ್ರಾಮ್ಯಾನ್ ಅಂತ. ಮೂರು ದಿನದ್ದು. 10 ಕಿಲೋಮೀಟರ್ ಈಜು, 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ. 2009ರಲ್ಲಿ ನಮ್ಮ ಬೆಂಗಳೂರಿನ ಅನು ವೈದ್ಯನಾಥನ್ ಅಲ್ಲಿ ಹೋಗಿ ಆರನೇ ಸ್ಥಾನ ಪಡೆದ್ರು. ಇಂಜಿನಿಯರಿಂಗಲ್ಲಿ ಡಾಕ್ಟರೇಟ್ ಮಾಡಿದ ಹೆಣ್ಮಗಳು. ತಮ್ಮ ಕತೇನ ಪುಸ್ತಕಾನೂ ಬರೆದವ್ರೆ. ನಮ್ಮಿಂದ 70 ಕಿಲೋಮೀಟರ್ ದೂರದ ಊರಿನವ್ರು. ಅವ್ರ ಹೆಸರು ನಮ್ಮಲ್ಲಿ ಎಷ್ಟು ಮನೇಲಿ ಗೊತ್ತು?

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ಇದನ್ನೆಲ್ಲಾ ಓದಿದ್ಮೇಲೆ ನನಗೆ ಹೊಳೆದಿದ್ದು ಇಷ್ಟೇ. ಮೂರಾಟದಲ್ಲಿ ಎರಡು ನಮ್ಮ ಹೆಣ್ಮಕ್ಕಳಿಗೆ ಬರುತ್ತೆ. ನಡೆಯೋದು, ಓಡೋದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸಿದ್ಧಗಂಗೆ ಬೆಟ್ಟ ಹತ್ತೋದು, ದೇವರಾಯನದುರ್ಗ ಹತ್ತೋದು, ಬಸ್ಸಿನ ಹಿಂದೆ ಓಡೋದು, ಯಾವುದಕ್ಕೂ ಹಿಂದೆ ಬಿದ್ದೋರಲ್ಲ. ಸೈಕಲ್ಲೂ ಬಂತು. 2006-07ರಲ್ಲಿ ಸರ್ಕಾರ 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು ನೋಡಿ, ಆಗ ಗುಬ್ಬಿ ರೋಡು, ಕುಣಿಗಲ್ ರೋಡಲ್ಲಿ ಎರಡು ಜಡೆ ಹಾಕ್ಕಂಡ ಹುಡುಗೀರು ಸಾಲಾಗಿ ಸ್ಕೂಲಿಗೆ ಹೋಗೋದು ಕಣ್ಣಿಗೆ ಹಬ್ಬ. "ಹೆಣ್ಮಕ್ಕಳು ಸೈಕಲ್ ಹೊಡೀಬಾರ್ದು" ಅಂತಿದ್ದ ಮನೆಗಳೇ ಸೈಕಲ್ ಒರೆಸಿ ಇಟ್ವು. ಬಾಕಿ ಉಳಿದಿರೋದು ಒಂದೇ, ಈಜು. ನಮ್ಮ ಹೆಣ್ಮಕ್ಕಳನ್ನ ಕೊಲ್ಲೋದೂ ಅದೇ.

ಓಡೋಕೆ ಬರ್ದಿದ್ರೆ ಯಾರೂ ಸಾಯಲ್ಲ. ಸೈಕಲ್ ಬರ್ದಿದ್ರೆ ನಡ್ಕಂಡು ಹೋಗ್ಬೋದು. ಈಜು ಬರ್ದಿದ್ರೆ ನೀರು ಇನ್ನೊಂದು ದಾರಿ ಕೊಡಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯ್ತಾರೆ ಅಂತ ಸರ್ಕಾರದ ಅಪರಾಧ ದಾಖಲೆಯ ಲೆಕ್ಕವೇ ಹೇಳುತ್ತೆ. ಪ್ರಪಂಚದಲ್ಲಿ 2021ನೇ ಇಸವಿಯೊಂದ್ರಲ್ಲೇ ಸುಮಾರು 3 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದ್ರಲ್ಲಿ ಮಕ್ಕಳ ಪಾಲು ದೊಡ್ಡದು. ಬಟ್ಟೆ ಒಗೆಯೋಕೆ ಹೋಗಿ ಒಬ್ಬಳು ಕಾಲು ಜಾರಿದ್ಲು, ಹಿಡ್ಕಳೋಕೆ ಹೋಗಿ ಅಕ್ಕ ಹೋದ್ಲು, ಇಬ್ರನ್ನೂ ಎಳೆಯೋಕೆ ಹೋಗಿ ತಾಯಿ ಹೋದ್ಲು ಅನ್ನೋ ಸುದ್ದಿ ಪೇಪರಲ್ಲಿ ಎಷ್ಟು ಸಲ ಓದಿದೀವಿ? ಒಂದೇ ಮನೇಲಿ ಮೂರು ಹೆಣ. ಮೂರು ಜನಕ್ಕೂ ಈಜು ಬರ್ತಿರಲಿಲ್ಲ ಅನ್ನೋದು ಕೊನೇ ಸಾಲಲ್ಲಿ ಇರುತ್ತೆ, ಅದನ್ನ ಯಾರೂ ಓದಲ್ಲ.

ನಮ್ಮ ಸೀಮೇಲಿ ನೀರಿಗೆ ಬರ ಅಂತೀವಿ, ಆದ್ರೆ ಅಪಾಯದ ನೀರಿಗೆ ಬರ ಇಲ್ಲ. ಗುಬ್ಬಿ ತಾಲ್ಲೂಕಲ್ಲಿ ಹೇಮಾವತಿ ನಾಲೆ ಹರೀತೈತೆ. ಗಾರೆ ಹಾಕಿದ ಇಳಿಜಾರು, ಪಾಚಿ ಕಟ್ಟಿದ್ರೆ ಕೈಗೆ ಹಿಡಿತ ಸಿಗಲ್ಲ. ಕುಣಿಗಲ್ಲಿನ ದೊಡ್ಡಕೆರೆ ನೋಡೋಕೆ ಎಷ್ಟು ಚೆಂದವೋ ಆಳದಲ್ಲಿ ಅಷ್ಟೇ ಹೂಳು. ಹಳ್ಳಿ ಕಡೆ ಹೋದ್ರೆ ಹೊಲಕ್ಕೊಂದು ಕೃಷಿ ಹೊಂಡ. ಮಳೆನೀರು ನಿಲ್ಲಿಸೋಕೆ ಒಳ್ಳೇದೇ, ಆದ್ರೆ ಒಳಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಎಂಥಾ ಜಾರು ಅಂದ್ರೆ, ದೊಡ್ಡೋರು ಬಿದ್ರೂ ಮೇಲೆ ಹತ್ತೋಕಾಗಲ್ಲ. ಬೇಲಿ ಇಲ್ಲದ ಹೊಂಡ ಬಾಗಿಲಿಲ್ಲದ ಬಾವಿ ಇದ್ದಂಗೆ.

ಇನ್ನು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. 2025ರ ಅಕ್ಟೋಬರಲ್ಲಿ ಅಲ್ಲಿ ಜಲಾಶಯದ ಕೆಳಗೆ ನೀರಿಗಿಳಿದಿದ್ದ ಒಂದೇ ಕುಟುಂಬದವ್ರು ಕೊಚ್ಚಿ ಹೋಗಿದ್ದು ಇನ್ನೂ ಮರೆತಿಲ್ಲ. ಆ ಅಣೆಕಟ್ಟೆಯಲ್ಲಿ ಸೈಫನ್ ಐತೆ. ನೀರು ಒಂದು ಮಟ್ಟಕ್ಕೆ ಬಂದ್ರೆ ಯಾರೂ ಗೇಟ್ ತಿರುಗಿಸದೆ ತಾನಾಗೇ ಹೊರಗೆ ನುಗ್ಗುತ್ತೆ. ಮೊಣಕಾಲುದ್ದ ಇದ್ದ ನೀರು ನೋಡ್ತಾ ನೋಡ್ತಾ ಏರುತ್ತೆ. ಅಂಥಾ ಸೆಳವಲ್ಲಿ ಈಜುಗಾರರೂ ಉಳಿಯೋದು ಕಷ್ಟ. ಅದಕ್ಕೇ ಹೇಳ್ತೀನಿ, ಈಜು ಕಲಿತ್ರೆ ಎಲ್ಲಾ ಸರಿಹೋಗುತ್ತೆ ಅಂತ ಅಲ್ಲ. ಆದ್ರೆ ಈಜು ಕಲಿತೋರಿಗೆ ನೀರಿನ ಗುಣ ಗೊತ್ತಾಗುತ್ತೆ. ಎಲ್ಲಿ ಇಳೀಬಾರ್ದು ಅನ್ನೋದು ಆ ಕಲಿಕೆಯ ಮೊದಲ ಪಾಠ.

ಇದೇ ಜಾಗಕ್ಕೆ ದೊಡ್ಡ ಟ್ರಯಥ್ಲಾನ್‌ನವ್ರು ನೀರನ್ನ ಹೆಂಗೆ ನೋಡ್ತಾರೆ ಅನ್ನೋದು ನಮಗೆ ಬೇಕು. ಅಷ್ಟು ಪಳಗಿದ ಈಜುಗಾರರಿಗೂ ಅವ್ರು ಈಜನ್ನ ಮೊದಲಿಗೇ ಇಡ್ತಾರೆ, ಕೊನೆಗೆ ಇಡಲ್ಲ. ಓಡಿ ಸುಸ್ತಾದೋರನ್ನ ನೀರಿಗೆ ಬಿಟ್ರೆ ಮುಳುಗಿಹೋಗ್ತಾರೆ ಅಂತ. ಪ್ರತಿಯೊಬ್ರ ತಲೆಗೂ ಎದ್ದು ಕಾಣೋ ಬಣ್ಣದ ಟೋಪಿ. ಈಜೋ ದಾರಿ ಉದ್ದಕ್ಕೂ ಸಣ್ಣ ದೋಣೀಲಿ ಕಾವಲಿನವ್ರು. ಸುಸ್ತಾದ್ರೆ ಆ ದೋಣಿ ಹಿಡ್ಕಂಡು ಸುಧಾರಿಸ್ಕಬೋದು, ಮುಂದಕ್ಕೆ ಎಳೆಸ್ಕಳದಿದ್ರೆ ಸಾಕು, ತಪ್ಪೇನಿಲ್ಲ. ನೀರು ತಣ್ಣಗಿದ್ರೆ ಮೈಗಂಟೋ ರಬ್ಬರ್ ಉಡುಪು, ಅದು ತೇಲೋಕೂ ಸಹಾಯ. ಇಷ್ಟೆಲ್ಲಾ ಮಾಡಿದ್ಮೇಲೂ 2 ಗಂಟೆ 20 ನಿಮಿಷದಲ್ಲಿ ದಡ ಸೇರದಿದ್ರೆ ಅವತ್ತಿಗೆ ನಿಮ್ಮ ಆಟ ಮುಗೀತು ಅಂತಾರೆ. ಲಕ್ಷಾಂತರ ರೂಪಾಯಿ ಸೈಕಲ್ ಇಟ್ಕಂಡೋರೂ ನೀರಿಗೆ ಇಷ್ಟು ಮರ್ಯಾದೆ ಕೊಡ್ತಾರೆ. ನಾವು ಗಣಪತಿ ಬಿಡೋಕೆ ಕತ್ತಲಲ್ಲಿ, ಈಜು ಬರ್ದಿರೋ ಹುಡುಗ್ರನ್ನ, ಹಗ್ಗಾನೂ ಇಲ್ದೆ ಕೆರೆಗಿಳಿಸ್ತೀವಿ.

ನಮ್ಮ ಹಿರೀಕ್ರಿಗೆ ಈಜು ಕಲಿಸೋದು ಗೊತ್ತಿರಲಿಲ್ಲ ಅಂತಲ್ಲ. ನಮ್ಮಣ್ಣಂಗೆ ಸೊಂಟಕ್ಕೆ ಹಗ್ಗ ಬಿಗಿದು, ಬೆನ್ನಿಗೆ ಸೋರೆಬುರುಡೆ ಕಟ್ಟಿ ತೋಟದ ಬಾವೀಲಿ ಈಜು ಕಲಿಸಿದ್ರು. ಒಂದೇ ಬೇಸಿಗೇಲಿ ಕಲಿತ. ನಾನು ಮೆಟ್ಟಿಲ ಮೇಲೆ ಕೂತ್ಕಂಡು ಅವನ ಬಟ್ಟೆ ಕಾಯ್ತಿದ್ದೆ. ಅದೇ ಬಾವಿ, ಅದೇ ಹಗ್ಗ, ಅದೇ ಬುರುಡೆ. ನನ್ನನ್ನ ಯಾಕೆ ಇಳಿಸಲಿಲ್ಲ ಅಂತ ಯಾರೂ ಕೇಳಲಿಲ್ಲ, ನನಗೂ ಕೇಳಬೇಕು ಅನ್ನಿಸಿರಲಿಲ್ಲ. ಬಾವಿಯಿಂದ ನೀರು ಸೇದಿ ತರೋದು ಮಾತ್ರ ನಂದೇ ಕೆಲಸ. ದಿನಾ ನೀರಿನ ಹತ್ರ ಹೋಗೋಳಿಗೆ ಈಜು ಇಲ್ಲ, ಯಾವಾಗ್ಲೋ ಹೋಗೋನಿಗೆ ಐತೆ. ಇದು ಯಾವ ನ್ಯಾಯ ಹೇಳಿ.

ಈಗ ನೀವು ಏನೇನು ಹೇಳ್ತೀರ ಅಂತ ಗೊತ್ತು. ಒಂದೊಂದಾಗಿ ಬರೋಣ.

"ನೀರಿನ ಹತ್ರ ಹೋಗಬೇಡ ಅಂದ್ರೆ ಆಯ್ತಲ್ಲ." ಹೋಗಬೇಡ ಅನ್ನೋರು ನಾವೇ, ಗಂಗಮ್ಮನ ಪೂಜೆಗೆ, ಬಾಗಿನ ಬಿಡೋಕೆ, ಕೋಡಿ ಬಿದ್ದಾಗ ನೋಡೋಕೆ ಕರ್ಕಂಡು ಹೋಗೋರೂ ನಾವೇ. ನೀರು ಬಿಟ್ಟು ನಮ್ಮ ಹಬ್ಬ ಇಲ್ಲ, ಬಾಳೂ ಇಲ್ಲ. ಇವತ್ತು ನಿಮ್ಮ ಜೊತೆ ಇರ್ತಾಳೆ, ನಾಳೆ ಕಾಲೇಜಿನವ್ರ ಜೊತೆ ಪ್ರವಾಸ ಹೋಗ್ತಾಳೆ. ಅಲ್ಲಿಗೆ ನಿಮ್ಮ "ಬೇಡ" ಹೋಗಲ್ಲ, ಕಲಿತಿದ್ದು ಹೋಗುತ್ತೆ.

"ಆ ಬಟ್ಟೆ ಹಾಕ್ಕಳೋದು ಹೆಂಗಮ್ಮ." ಈಗ ತೋಳುದ್ದ, ಕಾಲುದ್ದ ಮುಚ್ಚೋ ಈಜುಡುಗೆ ಸಿಗುತ್ತೆ. ಕುತ್ತಿಗೆಯಿಂದ ಪಾದದವರೆಗೂ ಮುಚ್ಚುತ್ತೆ, ನಮ್ಮ ಸೀರೆಗಿಂತ ಜಾಸ್ತಿ. ಹತ್ತಿ ಚೂಡಿದಾರ ಮಾತ್ರ ಬೇಡ, ನೆಂದ್ರೆ ಭಾರ, ಕಾಲಿಗೆ ಸುತ್ತುತ್ತೆ.

"ಬಣ್ಣ ಕಪ್ಪಾಗುತ್ತೆ, ಕೂದಲು ಹಾಳಾಗುತ್ತೆ." ಕೊಳಕ್ಕಿಳಿಯೋ ಮುಂಚೆ ತಲೇನ ಸಾದಾ ನೀರಲ್ಲಿ ಚೆನ್ನಾಗಿ ನೆನೆಸಿ ಟೋಪಿ ಹಾಕ್ಕಂಡ್ರೆ ಕ್ಲೋರಿನ್ ನೀರು ಅಷ್ಟು ಹೀರಲ್ಲ. ಬಂದ್ಮೇಲೆ ಸೀಗೆಪುಡಿ ಹಾಕಿ ತೊಳೀರಿ. ಕಪ್ಪಾದ್ರೆ ಎರಡು ತಿಂಗಳಲ್ಲಿ ವಾಪಸ್ ಬರುತ್ತೆ. ಹೋದ ಮಗಳು ಬರಲ್ಲ. ಒರಟಾಗಿ ಹೇಳ್ದೆ ಅಂತ ಬೇಜಾರಾಗಬೇಡಿ, ಮೆತ್ತಗೆ ಹೇಳಿದ್ರೆ ಈ ಮಾತು ಯಾರ ಕಿವಿಗೂ ಬೀಳಲ್ಲ.

"ತಿಂಗಳ ತೊಂದ್ರೆ." ಆ ನಾಕು ದಿನ ಬಿಟ್ಟು ಹೋಗಲಿ. ಇನ್ನೂ 26 ದಿನ ಉಳೀತಲ್ಲ.

"ಗಂಡಸ್ರು ಇರ್ತಾರೆ." ಇದು ಮಾತ್ರ ನಿಜವಾದ ತೊಂದ್ರೆ, ಇದಕ್ಕೆ ಉತ್ತರ ಕೊಡಬೇಕಾದೋರು ಈಜುಕೊಳ ನಡೆಸೋರು. ನಾನು ವಿಚಾರಿಸಿದ ಒಂದು ಕಡೆ ಹೆಂಗಸ್ರ ಬ್ಯಾಚು ಬೆಳಗ್ಗೆ 11 ಗಂಟೆಗೆ ಅಂದ್ರು. ಸ್ಕೂಲಿಗೆ ಹೋಗೋ ಹುಡುಗಿ 11ಕ್ಕೆ ಹೆಂಗೆ ಬರ್ತಾಳೆ? ಮನೇಲಿ ಇರೋಳು ಒಲೆ ಮೇಲೆ ಸಾರಿಟ್ಟು ಹೆಂಗೆ ಬರ್ತಾಳೆ? ಕೇಳಿದ್ರೆ, "ಹೆಂಗಸ್ರು ಬರೋದೇ ಇಲ್ಲ ಮೇಡಂ, ಅದಕ್ಕೇ ಆ ಟೈಮು" ಅಂದ್ರು. ಬರೋಕಾಗದ ಹೊತ್ತಲ್ಲಿ ಬಾಗಿಲು ತೆಗೆದು, ಯಾರೂ ಬರಲ್ಲ ಅಂದ್ರೆ ಹೆಂಗೆ? ನಾವು ಹತ್ತು ಜನ ಒಟ್ಟಿಗೆ ಹೋಗಿ, ಸಂಜೆ 5ಕ್ಕೆ ಹೆಂಗಸ್ರಿಗೆ, ಹೆಣ್ಮಕ್ಕಳಿಗೆ ಅಂತ ಒಂದು ಗಂಟೆ ಕೊಡಿ, ಕಲಿಸೋಕೂ ಹೆಂಗಸ್ರೇ ಇರಲಿ ಅಂತ ಕೇಳಬೇಕು. ಒಬ್ಬಳೇ ಕೇಳಿದ್ರೆ ನಗ್ತಾರೆ, ಹತ್ತು ಜನದ ಫೀಸು ಅಂದ್ರೆ ರಿಜಿಸ್ಟರ್ ತೆಗೀತಾರೆ.

"ನಮಗೆಲ್ಲಾ ವಯಸ್ಸಾಯ್ತು." ಅಮೆರಿಕದ ನಟಾಲೀ ಗ್ರೇಬೋ ಅನ್ನೋ ಅಜ್ಜಿ 2025ರಲ್ಲಿ, 80ನೇ ವಯಸ್ಸಲ್ಲಿ, ಹವಾಯಿಯ ಐರನ್‌ಮ್ಯಾನ್ ವಿಶ್ವ ಪಂದ್ಯ ಮುಗಿಸಿದ್ರು. ಅವ್ರು ಈಜು ಕಲಿತಿದ್ದೇ 59ಕ್ಕೆ. ನಮಗೆ ಐರನ್ನೂ ಬೇಡ, ಮ್ಯಾನೂ ಬೇಡ. ಬೆನ್ನ ಮೇಲೆ ಅಂಗಾತ ತೇಲೋದು, ಉಸಿರು ಬಿಡೋದು, ಹತ್ತಿರದ ದಡಕ್ಕೆ ಕೈ ಕಾಲು ಬಡ್ಕಂಡು ಬರೋದು, ಇಷ್ಟು ಬಂದ್ರೆ ಸಾಕು. ಆರು ವರ್ಷ ದಾಟಿದ ಮಕ್ಕಳಿಗೆಲ್ಲಾ ಇಷ್ಟನ್ನ ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ.

ಕಲಿಯೋವರೆಗೂ ಸುಮ್ಮನೆ ಕೂರೋದಲ್ಲ. ಕೆಲವು ವಿಷಯ ಇವತ್ತೇ ಮನೇಲಿ ಹೇಳಿ. ಮುಳುಗೋರು ಸಿನಿಮಾದಲ್ಲಿ ಥರ ಕೂಗಲ್ಲ, ಬಾಯಿ ನೀರೊಳಗೆ ಇರುತ್ತೆ, ಸದ್ದಿಲ್ದೆ ಹೋಗ್ತಾರೆ. ಮಗು ಆಡ್ತಾ ಆಡ್ತಾ ಸುಮ್ಮನಾಯ್ತು ಅಂದ್ರೆ ಓಡಿ ನೋಡಿ. ಯಾರಾದ್ರೂ ಮುಳುಗ್ತಿದ್ರೆ ಈಜು ಬರ್ದೋರು ಹಾರಬೇಡಿ, ಕೈಯನ್ನೂ ಕೊಡಬೇಡಿ. ದಡದ ಮೇಲೆ ಮಲಗಿ ಸೀರೆ ಎಸೀರಿ, ಹಗ್ಗ ಎಸೀರಿ, ಉದ್ದ ಕೋಲು ಚಾಚಿ, ಬಾಯಿ ಮುಚ್ಚಿದ ಖಾಲಿ ನೀರಿನ ಕ್ಯಾನು ಎಸೀರಿ, ಅದು ಮನುಷ್ಯನ್ನ ತೇಲಿಸುತ್ತೆ. ಮೇಲೆ ಎಳೆದ್ಮೇಲೆ ತಲೆಕೆಳಗೆ ಮಾಡಿ ತಿರುಗಿಸೋದು, ಹೊಟ್ಟೆ ಅಮುಕೋದು ಬೇಡ. ಉಸಿರಿಲ್ಲ ಅಂದ್ರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, 108ಕ್ಕೆ ಫೋನ್ ಮಾಡಬೇಕು.

ಸೀರೆ ಎಸೆಯೋದು ಅಂದಾಗ ನಕ್ಕೋರಿಗೆ ಒಂದು ನಡೆದ ಸಂಗತಿ. 2020ರ ಆಗಸ್ಟಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆಯಲ್ಲಿ ನಾಕು ಜನ ಹುಡುಗ್ರು ಮುಳುಗ್ತಿದ್ರು. ಅಲ್ಲಿದ್ದ ಮೂವರು ಹೆಂಗಸ್ರು ಹಿಂದೆ ಮುಂದೆ ನೋಡ್ದೆ ಉಟ್ಟ ಸೀರೇನೇ ಬಿಚ್ಚಿ ಎಸೆದು ಇಬ್ರನ್ನ ಎಳೆದು ಉಳಿಸಿದ್ರು. ಸರ್ಕಾರ ಅವ್ರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಡ್ತು. ಮಾನ ಯಾವ್ದು, ಪ್ರಾಣ ಯಾವ್ದು ಅಂತ ಅಷ್ಟು ಹೊತ್ತಲ್ಲಿ ಲೆಕ್ಕ ಹಾಕಿದ ಆ ಮೂವರಿಗೆ ಕೈ ಮುಗೀತೀನಿ. ಇನ್ನಿಬ್ರು ಹುಡುಗ್ರು ಉಳೀಲಿಲ್ಲ ಅನ್ನೋದೂ ನೆನಪಿರಲಿ. ಸೀರೆ ಕಡೇ ಉಪಾಯ. ಮೊದಲ ಉಪಾಯ ಈಜು.

ಅದಕ್ಕೇ ನನ್ನ ಮಾತು ಇಷ್ಟು. ಮಗಳಿಗೆ ಭರತನಾಟ್ಯ ಕಲಿಸಿ, ಸಂಗೀತ ಕಲಿಸಿ, ಅಬಾಕಸ್ಸಿಗೂ ಕಳಿಸಿ, ಆದ್ರೆ ಅವೆಲ್ಲಕ್ಕೂ ಮುಂಚೆ ಈಜು ಕಲಿಸಿ. ಅವಳು ಪೆಂಟಿಕ್ಟನ್ನಿಗೆ ಹೋಗಿ ಪದಕ ತರ್ತಾಳೋ ಬಿಡ್ತಾಳೋ ಅವಳ ಇಷ್ಟ. ಕೆರೆ ಕಡೆ ಹೋದೋಳು ಸಂಜೆ ಮನೆಗೆ ಬರಬೇಕು, ಅದು ನಮ್ಮ ಇಷ್ಟ. ಮುಂದಿನ ಬೇಸಿಗೆ ರಜಕ್ಕೆ ನಮ್ಮ ಬೀದಿಯ ನಾಕು ಮನೆ ಸೇರಿ ಒಂದು ಆಟೋ ಗೊತ್ತು ಮಾಡ್ತಾ ಇದೀವಿ. ಮಕ್ಕಳನ್ನ ಬಿಟ್ಟು ಹೊರಗಡೆ ಬೆಂಚಿನ ಮೇಲೆ ಬಟ್ಟೆ ಕಾಯ್ತಾ ಕೂರೋಕಲ್ಲ, ಅಮ್ಮಂದಿರೂ ನೀರಿಗಿಳಿಯೋಕೆ. ಇನ್ನೂ ಇಬ್ರಿಗೆ ಜಾಗ ಐತೆ, ಹೇಳಿ ಕಳಿಸಿ.